ನಮ್ಮ ಮನೆಯ ಮೂಡಲು

ಅಕ್ಕಿಆಲೂರು
ಜನವರಿ ೯

ಸಿಟ್ಟಿನಲ್ಲೂ ನನ್ನವಳೇ ಆದ ಶಿವಲೀಲಕ್ಕನಿಗೆ,

ಅಂಕಿತಾಳ ನಮಸ್ಕಾರ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀ, ಅವ್ವನ ಕಿವಿಗೂ ಬೀಳುತ್ತದೆ. ಅದಕ್ಕೇ ಈ ಕಾಗದ. ರವಿವಾರ ಬಂದು ಅವ್ವನನ್ನು ಹಿರೇಬೆಂಡಿಗೇರಿಗೆ ಕರೆದೊಯ್ಯುತ್ತೇನೆ ಅಂದೆಯಲ್ಲ, ಬಾ. ಉಂಡು ಒಬ್ಬಳೇ ಹೋಗು. ಅವ್ವ ಇಲ್ಲೇ ಇರುತ್ತಾಳೆ.

ಕಣ್ಣು ಹೋದಮೇಲೂ ನಿಮ್ಮ ಮನೆಯಲ್ಲಿ ಎಲ್ಲೂ ಎಡವದವಳು ಇಲ್ಲಿ ಬಂದು ಕಂಬಕ್ಕೆ ಹಣೆ ಬಡಿದುಕೊಂಡಳು, ಒಲೆಗೆ ಕೈ ಸುಟ್ಟುಕೊಂಡಳು. ನಿಜ. ತಪ್ಪು ನನ್ನದೇ. ಕರೆತರುವಾಗ ಶಿಗ್ಗಾಂವಿ ದಾಟಿದ್ದೇ ಬಸ್ಸಿನಲ್ಲಿ ಅವಳಿಗೆ ನಿದ್ದೆ ಹತ್ತಿತ್ತು, ನಾನು ಎಬ್ಬಿಸಲಿಲ್ಲ. ಇಲ್ಲಿ ಇಳಿಯುವಷ್ಟರಲ್ಲಿ ಅವಳ ಮನಸ್ಸಿನಲ್ಲಿ ದಿಕ್ಕು ಅದಲುಬದಲಾಗಿತ್ತು. ನಮ್ಮ ಪಡುವಲು ಅವಳಿಗೆ ಮೂಡಲು. "ಒಲಿ ಪಡುವಲಕ ಐತಿ, ದೂರ ಸರಿ" ಅಂತ ನಾನನ್ನುವುದು, ಅವಳು ಸರಿದು ಸರಿದು ಒಲೆಯ ಹತ್ತಿರವೇ ಹೋಗುವುದು.

ದಿನಾ ತಿದ್ದಿದೆ. ತಿದ್ದಿದಷ್ಟೂ ಹೆದರಿ, ಗೋಡೆ ಹಿಡಿದು ಕೂತುಬಿಟ್ಟಳು. ಎಡ ಬಲ ಅಂತ ಹೇಳಿ ನೋಡಿದೆ. "ನಾ ತಿರುಗಿದರ ಎಡಾ ಬಲಾನೂ ತಿರುಗ್ತಾವು. ಮೂಡಲ ಎಲ್ಲೆರ ತಿರುಗತೈತೇನ?" ಅಂತ ನನಗೇ ಬೈದಳು.

ಅವ್ವನ ದಿಕ್ಕು ಬದಲಾಗದಿದ್ದರೆ ಮನೆಯದೇ ಬದಲಾಗಲಿ ಅಂದುಕೊಂಡೆ. ದೀಪಾವಳಿಯಿಂದ ನಮ್ಮ ಹೊಸ್ತಿಲೊಳಗೆ ಪಡುವಲೇ ಮೂಡಲು, ತೆಂಕಲೇ ಬಡಗಲು. ನಮ್ಮವರಿಗಂತೂ ಅದೇ ರೂಢಿಯಾಗಿ, ಮಿಲ್ಲಿನಿಂದ ಹಾನಗಲ್ಲಿಗೆ ಹೊರಟಿದ್ದ ಅಕ್ಕಿ ಲಾರಿಗೆ ಉಲ್ಟಾ ದಾರಿ ಹೇಳಿ ಡ್ರೈವರನ ಕೈಲಿ ಬೈಸಿಕೊಂಡು ಬಂದರು.

ಈಗ ಅವ್ವ ಕಂಬ ತಪ್ಪಿಸಿ ನಡೆಯುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ನನ್ನ ಸಾರಿಗೆ ಉಪ್ಪಿಲ್ಲ ಹುಳಿಯಿಲ್ಲ ಅಂತ ಹೆಸರಿಡುತ್ತಾಳೆ. ಮುಂಜಾನೆ ಅಂಗಳದಲ್ಲಿ ನಿಂತು ಸೂರ್ಯನಿಗೆ ಬೆನ್ನು ಹಾಕಿ ಕೈ ಮುಗಿಯುತ್ತಾಳೆ. ನೀನು ನೋಡಿ ನಗಬೇಡ, ಬಾಯಿ ಬಿಡಬೇಡ. ಸುಳ್ಳು ಹೇಳಿದ ಪಾಪ ನನಗಿರಲಿ. ನೀನು ಊರಲ್ಲೇ ಮದುವೆಯಾದೆ, ಅವ್ವ ಇಷ್ಟು ವರ್ಷ ನಿನ್ನ ಪಾಲಿಗೇ ಇದ್ದಳು. ಈಗ ನನಗೆ ಬೇಕು, ಅಕ್ಕ.

ನಿನ್ನ ಹಟಮಾರಿ ತಂಗಿ,
ಅಂಕಿತಾ

ತಾ.ಕ.: ಕಾಗದ ಮಡಚುವಾಗ ಅವ್ವ ಬಂದು ಪಕ್ಕದಲ್ಲಿ ಕೂತಳು. ಯಾರಿಗೆ ಅಂದಳು, ನಿನಗೆ ಅಂದೆ. ಹಾಗಾದರೆ ಇದನ್ನೂ ಬರೆ ಅಂದಳು: "ಮುಂಜಾನಿ ಬಿಸಲು ಬೆನ್ನಿಗೆ ಬೀಳೂದು ನನಗ ತಿಳಿಯೂದಿಲ್ಲೇನ? ಖರೇ ಮೂಡಲ ಯಾವ ಕಡೆ ಐತಿ ಅಂತ ಎಂದೋ ಗೊತ್ತಾಗೇತಿ. ಆದರ ನನ್ನ ಸಲುವಾಗಿ ಇವರು ಮೂಡಲನ್ನ ಎತ್ತಿ ಈ ಕಡೆ ಇಟ್ಟಾರ. ಅದನ್ನ ಬಿಟ್ಟು ನಾ ಹೆಂಗ ಬರ್ಲಿ ಅಂತ ಶಿವಲೀಲಾಗ ಕೇಳು."