ಕೆಂಪಿ ಹಿಡಿದ ಇಲಿ

ಸೆಪ್ಟೆಂಬರ್ 18, ಬುಧವಾರ. ಸಂಜೆ

…ಅಥವಾ ಹಲ್ಲಿಯದ್ದೂ ಇರಬಹುದು ಎಂದು ನಿನ್ನೆ ಬರೆದು ನಿಲ್ಲಿಸಿದ್ದೆ. ಅಲ್ಲ. ಇಲಿಯದ್ದೇ. ಬೆಳಿಗ್ಗೆ ಅಕ್ಕಿ ಡಬ್ಬದ ಹಿಂದೆ ಟಾರ್ಚ್ ಬಿಟ್ಟು ನೋಡಿದೆ. ಹಿಕ್ಕೆ. ಕರಿ ಜೀರಿಗೆ ಚೆಲ್ಲಿದ ಹಾಗೆ.

ಈ ಮನೆ ಕಟ್ಟಿದ ಮೇಲೆ ಒಳಗೆ ಇಲಿ ಕಂಡದ್ದೇ ಇಲ್ಲ. ಹಾಲಾಡಿ ಪೇಟೆಯಲ್ಲಿ ಬಸ್ ಟೈಮ್ ಕೀಪರ್ ಆಗಿದ್ದಾಗ ಯಾರು ಇಲಿಕಾಟದ ಮಾತೆತ್ತಿದರೂ ಹೇಳುತ್ತಿದ್ದೆ — ಒಂದು ಬೆಕ್ಕು, ಒಂದು ನಾಯಿ ಸಾಕಿ. ಫಿನಿಶ್. ನಮ್ಮನೆ ನೋಡಿ, ಎಗ್ಸಾಂಪಲ್. ಮನೆಗೆ ಬಂದವರಿಗೂ ಅದೇ ಭಾಷಣ. ವನಜ ಚಾ ಕೊಡುತ್ತ ಸುಮ್ಮನೆ ನಗುತ್ತಿದ್ದಳು. ಮೂವತ್ತೆಂಟು ವರ್ಷ ಒಟ್ಟಿಗಿದ್ದ ಹೆಂಡತಿ, ನಕ್ಕದ್ದು ಯಾಕೆಂದು ಒಮ್ಮೆಯೂ ಕೇಳಲಿಲ್ಲ.

ಈಗಲೂ ಬೆಕ್ಕು ಕೆಂಪಿ ಇದೆ. ನಾಯಿ ಟೈಗರ್ ಇದೆ. ಫೆಬ್ರವರಿಯಲ್ಲಿ ಹೋದದ್ದು ವನಜ ಒಬ್ಬಳೇ. ಬೆಕ್ಕು, ನಾಯಿ ಎರಡೂ ಇದ್ದು ಇಲಿ ಬಂತೆಂದರೆ ಏನರ್ಥ? ಬಿ.ಎ.ಯಲ್ಲಿ ನಮಗೆ ಲಾಜಿಕ್ ಇತ್ತು. ಕಾಸ್ ಅಂಡ್ ಎಫೆಕ್ಟ್. ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಮೊದಲಿನದೇ ಕಾರಣ ಎನ್ನಬಾರದು — ಅದಕ್ಕೊಂದು ಹೆಸರಿತ್ತು. ಪೋಸ್ಟ್ ಹಾಕ್… ಮುಂದಿನದು ಮರೆತಿದೆ. ಪಾಸಾದದ್ದೂ ಥರ್ಡ್ ಕ್ಲಾಸಿನಲ್ಲಿ.

ಸೆಪ್ಟೆಂಬರ್ 20, ಶುಕ್ರವಾರ

ಗಂಗೊಳ್ಳಿಯ ಮೀನಿನ ಜಲಜ ಬಂದಿದ್ದಳು. ಬಂಗುಡೆ ಕೊಂಡೆ. ವನಜ ಇದ್ದಾಗಿನಿಂದಲೂ ಅವಳದ್ದು ಒಂದು ರೂಢಿ, ಜಗಲಿ ಹತ್ತುವ ಮೊದಲೇ ಕೆಂಪಿಗೊಂದು ಸಣ್ಣ ಮೀನು ಎಸೆಯುವುದು. ಇಲಿ ವಿಷಯ ಹೇಳಿದೆ. ಇಷ್ಟು ದೊಡ್ಡ ಬೆಕ್ಕು ಇದ್ದೂ ಹೀಗಲ್ಲ ಎಂದೆ. ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ಸರಿಮಾಡುತ್ತ ಕೇಳಿದಳು —

"ಹೊಟ್ಟಿ ತುಂಬಿದ್ ಬೆಕ್ ಇಲಿ ಹಿಡಿತಾ ಶೆಟ್ರೆ? ನೀವ್ ಉಂಡ್ಕಂಡ್ ಗೆದ್ದಿ ಹೂಡುಕ್ ಹೋತ್ರಿಯಾ?"

ಮಾತಿಗೆ ಸುಂಕವಿಲ್ಲದವಳು. ಆದರೆ ಪಾಯಿಂಟ್ ಇದೆ.

ಟೈಗರ್ ಕೂಡ ಅಷ್ಟೆ. ಮಧ್ಯಾಹ್ನ ಕಟ್ಟಿಗೆ ರಾಶಿಯ ಹತ್ತಿರ ಇಲಿ ಓಡಿತು. ಎರಡು ಸಲ ಬೊಗಳಿ, ಮೂಸಿ, ವನಜ ನೆಟ್ಟ ಸೇವಂತಿಗೆ ಗಿಡದ ಬುಡ ಕೆದರಿ ಹಾಕಿ, ದೊಡ್ಡ ಕೆಲಸ ಮುಗಿಸಿದವನ ಹಾಗೆ ಬಂದು ಮಲಗಿತು. ಅದರ ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು. ಈಚೆಗೆ ಸರಿಯಾಗಿ ತಿನ್ನುವುದಿಲ್ಲ. ನಾನೂ ಅಷ್ಟೆ.

ಸೆಪ್ಟೆಂಬರ್ 24, ಮಂಗಳವಾರ

ಇಲಿ ಕದಿರಿಗೆ ಬಾಯಿ ಹಾಕಿದೆ.

ಅಡುಗೆಮನೆ ಬಾಗಿಲ ಮೇಲಿನ ಕದಿರು. ಪ್ರತಿ ವರ್ಷ ಹೊಸ ಅಕ್ಕಿ ಉಣ್ಣುವ ಹೊಸತಿನ ಹಬ್ಬಕ್ಕೆ ಗದ್ದೆಯಿಂದ ಹೊಸ ತೆನೆ ತಂದು ಮಾವಿನೆಲೆ, ಹಲಸಿನೆಲೆ ಸೇರಿಸಿ ನಾರಿನಲ್ಲಿ ಕಟ್ಟುವುದು ನನ್ನ ಕೆಲಸ. ಕಳೆದ ವರ್ಷ ನನಗೆ ಸೊಂಟ ಹಿಡಿದಿತ್ತು. ವನಜ ಸ್ಟೂಲ್ ಹತ್ತಿ ತಾನೇ ಕಟ್ಟಿದಳು. ಕೆಳಗೆ ನಿಂತು ಎಡಕ್ಕೆ, ಬಲಕ್ಕೆ ಎಂದು ನಾನು ಆರ್ಡರ್ ಮಾಡುತ್ತಿದ್ದೆ. ಯಾರಿಗೂ ಬಿಚ್ಚಲು ಬಾರದ ಗಂಟು ಹಾಕಿದ್ದಾಳೆ.

ಹೊಸ ಕದಿರು ಬಂದಾಗ ಹಳೆಯದು ಇಳಿಯಬೇಕು, ಅದು ಕ್ರಮ. ಆದರೆ ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಈ ಸಲ ನಮಗೆ ಹೊಸತು ಇಲ್ಲ. ಊರಿನ ಬಾಗಿಲಲ್ಲೆಲ್ಲ ಹೊಸ ತೆನೆ ಬಂದರೂ ನಮ್ಮ ಬಾಗಿಲಲ್ಲಿ ಅವಳು ಕಟ್ಟಿದ್ದೇ ಇನ್ನೊಂದು ವರ್ಷ. ಕ್ರಮವೇ ಕೊಟ್ಟ ಎಕ್ಸ್‌ಟೆನ್ಷನ್. ಯಾರ ಹತ್ತಿರವೂ ಹೇಳಿರಲಿಲ್ಲ — ಬೇಸಗೆಯಿಂದ ನಾನು ಹಿಡಿದುಕೊಂಡಿದ್ದದ್ದು ಇದೊಂದನ್ನೇ.

ಟಿವಿಯ ಕೇಬಲ್ ವೈರು ಹಿಡಿದು ಹತ್ತಿದೆ ಇಲಿ, ದರಿದ್ರದ್ದು. ಅರ್ಧಕ್ಕರ್ಧ ಜೊಳ್ಳು. ಕೆಳಗೆ ಉಮಿ ಬಿದ್ದಿದೆ. ಉಮಿಯ ಪಕ್ಕದಲ್ಲೇ ಕೆಂಪಿ, ಸುರುಳಿ ಸುತ್ತಿ ಒಳ್ಳೆ ನಿದ್ದೆ.

ಸೆಪ್ಟೆಂಬರ್ 27, ಶುಕ್ರವಾರ

ವೈರು ಕೊಯ್ದು ಹಾಕಿದೆ. ಟಿವಿ ಹೋಯಿತು, ಹೋಗಲಿ. ಆದರೂ ಬೆಳಿಗ್ಗೆ ಮತ್ತೆ ಉಮಿ.

ಮಗ ರತನ್‌ಗೆ ಫೋನ್ ಮಾಡಿದೆ. ಬೈಂದೂರಿನಲ್ಲಿ ಬೇಕರಿ, ಅಲ್ಲೂ ಇಲಿ ಕಾಟವಂತೆ. ಕದಿರು ಬಿಚ್ಚಿ ಡಬ್ಬದಲ್ಲಿ ಹಾಕಿ ಮುಚ್ಚಿಡಿ ಅಪ್ಪಯ್ಯ ಎಂದ. ಬಿಚ್ಚಿದರೆ ಅದು ಹುಲ್ಲು. ಅಲ್ಲಿ ಇದ್ದರೆ ಮಾತ್ರ ಅವಳು ಕಟ್ಟಿದ್ದು. ಇದನ್ನು ಫೋನಿನಲ್ಲಿ ಹೇಗೆ ಹೇಳುವುದು? ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ಜಲಜ ಬಂದಳು. ಕೆಂಪಿಗೆ ಮೀನು ಹಾಕಬೇಡ ಎಂದೆ. ನಾನೂ ಹಾಕುವುದಿಲ್ಲ. ಹಾಲೂ ಇಲ್ಲ. ಡ್ಯೂಟಿ ಫಸ್ಟ್.

ಸೆಪ್ಟೆಂಬರ್ 30, ಸೋಮವಾರ

ಕೆಂಪಿ ಕೂಗುತ್ತದೆ. ನನ್ನ ಹತ್ತಿರ ಬಂದು ಕೂಗುವುದಿಲ್ಲ. ವನಜ ಮೀನು ಕೊಯ್ಯಲು ಕೂರುತ್ತಿದ್ದ ಮಣೆ ಇದೆಯಲ್ಲ, ಗೋಡೆಗೆ ಒರಗಿಸಿಟ್ಟದ್ದು, ಅದರ ಎದುರು ಕೂತು ಕೂಗುತ್ತದೆ. ಕಂಪ್ಲೇಂಟ್ ಅಲ್ಲಿಗೆ.

ಒಂದು ಚೂರು ಹಾಕಲೇ ಎಂದು ಎದ್ದೆ. ಬಾಗಿಲ ಮೇಲೆ ನೋಡಿದೆ. ಕೂತೆ.

ಅಕ್ಟೋಬರ್ 2, ಬುಧವಾರ

ಹಿಡಿಯಿತು! ಕೆಂಪಿ ಇಲಿ ಹಿಡಿಯಿತು. ಬೆಳಿಗ್ಗೆ ಕಾಫಿಗೆ ಇಡುತ್ತಿದ್ದೆ. ಹಿತ್ತಲ ಬಾಗಿಲಿನಿಂದ ತಲೆ ಎತ್ತಿಕೊಂಡು ಬಂತು, ಬಾಯಲ್ಲಿ ದೊಡ್ಡ ಇಲಿ, ಬಾಲ ನೇತಾಡುತ್ತಿದೆ. ಸೀದಾ ಹೋಗಿ ವನಜನ ಮಣೆಯ ಎದುರು ಇಟ್ಟಿತು. ಆಮೇಲೆ ನನ್ನನ್ನು ನೋಡಿತು. ನೋಡಿದ್ದು ಹೌದು.

ಇಲಿಗೆ ಇನ್ನೂ ಜೀವವಿತ್ತು. ಓಡಲಿಲ್ಲ. ಗಡದ್ದಾಗಿ ಕುಡಿದವರ ಹಾಗೆ ಒಂದು ಸುತ್ತು ತಿರುಗಿ ಬಿತ್ತು. ಕೆಂಪಿಯ ಹೊಡೆತ ಅಂಥದ್ದು ಎಂದುಕೊಂಡೆ. ಬೆನ್ನು ಸವರಿ ಹೇಳಿದೆ, ವೆಲ್ ಡನ್, ವೆಲ್ ಡನ್. ಅಲ್ಲೇ ಕೂತು ಪೂರ್ತಿ ತಿಂದಿತು. ಮೇಲಿನಿಂದ ನಾನೂ ಒಂದು ಬಂಗುಡೆ ತಲೆ ಹಾಕಿದೆ, ಬಹುಮಾನ. ಎಷ್ಟೋ ದಿನದ ಮೇಲೆ ನಾನೂ ಎರಡನೇ ಸಲ ಅನ್ನ ಹಾಕಿಸಿಕೊಂಡೆ — ಹಾಕಿಕೊಂಡೆ. ಹಾಕುವವರು ಯಾರು.

ಅಕ್ಟೋಬರ್ 4, ಶುಕ್ರವಾರ

ಕೆಂಪಿ ಹೋಯಿತು.

ಅಕ್ಟೋಬರ್ 6, ಭಾನುವಾರ

ಬರೆದಿಡಬೇಕು. ಗುರುವಾರ ಬೆಳಿಗ್ಗೆ ಏಳಲಿಲ್ಲ. ಬಾಯಿ, ಮೂಗಿನಲ್ಲಿ ರಕ್ತ. ನೀರು ಬಿಟ್ಟೆ, ಇಳಿಯಲಿಲ್ಲ. ರಿಕ್ಷಾದಲ್ಲಿ ದನದ ಡಾಕ್ಟರ ಹತ್ತಿರ ಕೊಂಡುಹೋದೆ, ಒಂದು ಇಂಜೆಕ್ಷನ್ ಕೊಟ್ಟರು, ತಡ ಆಯಿತು ಅಂದರು. ಮರುದಿನ ನಸುಕಿಗೆ ಹೋಯಿತು. ಮಣೆಯ ಹತ್ತಿರವೇ.

ಪಕ್ಕದ ಮನೆಯ ಶೀನ ಹೊಂಡ ತೆಗೆದುಕೊಟ್ಟ. ಬಾಳೆ ಬುಡದಲ್ಲಿ. ಮಣ್ಣು ಎಳೆಯುತ್ತಿದ್ದವನು ಹಾರೆ ಹಿಡಿದುಕೊಂಡೇ ನಿಂತ.

"ಶೆಟ್ರೆ, ನಮ್ಮನಿ ಅಟ್ಟದ್ ಮೇಲೆ ಇಲಿ ಪಾಷಾಣ ಇಟ್ಟಿದಿತ್ತ್. ನಿಮ್ ಬೆಕ್ ಹ್ಯಾಂಗೂ ಇಲಿ ಹಿಡುದಿಲ್ಲ ಅಂದೇಳಿ… ಹೇಳುಕ್ ಬರ್ಲಿಲ್ಲ."

ಹೌದು. ಹಿಡಿಯುವ ಬೆಕ್ಕಾಗಿದ್ದರೆ ಹೇಳುತ್ತಿದ್ದ. ಹಿಡಿಯದ ಬೆಕ್ಕನ್ನು ಹಸಿವಿಗೆ ಹಾಕಿ ಹಿಡಿಯುವ ಹಾಗೆ ಮಾಡಿದವ ನಾನು. ಅದಕ್ಕೆ ಸಿಕ್ಕಿದ್ದು, ಯಾವ ಬೆಕ್ಕಿಗೂ ಸಿಗುವಂಥ, ಅರ್ಧ ಸತ್ತ ಇಲಿ.

ಟೈಗರ್ ಹೊಂಡದ ಹತ್ತಿರದಿಂದ ಬರಲೊಲ್ಲದು. ಹಗಲೆಲ್ಲ ಜಗಳ ಮಾಡುತ್ತಿದ್ದ ಜೋಡಿ.

ಅಕ್ಟೋಬರ್ 9, ಬುಧವಾರ

ಜಲಜ ಅಂಗಳದಲ್ಲಿ ಅಭ್ಯಾಸದಂತೆ ಸಣ್ಣ ಮೀನು ಕೈಗೆ ತೆಗೆದುಕೊಂಡಳು. ಆಚೀಚೆ ನೋಡಿದಳು. ಹೇಳಿದೆ. ಬುಟ್ಟಿ ಇಳಿಸಿ ಜಗಲಿಯಲ್ಲಿ ಕೂತಳು. ಮೀನನ್ನು ಮತ್ತೆ ಬುಟ್ಟಿಗೆ ಹಾಕಲಿಲ್ಲ, ಕೈಯಲ್ಲೇ ಇತ್ತು.

ಇಷ್ಟು ವರ್ಷ ಇಲಿ ಹಿಡಿಯದ ಬೆಕ್ಕು ಇದ್ದೂ ಇಲಿ ಹೇಗೆ ಬರಲಿಲ್ಲ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು. ವನಜಕ್ಕ ಅದನ್ನು ಒಳಗೆ ಬರಲು ಬಿಟ್ಟರಲ್ಲವೇ ಎಂದಳು. ಕತ್ತಲಾಗುವ ಮೊದಲೇ ನಾಯಿ ತಟ್ಟೆ ತೊಳೆದು ಬೋರಲು ಹಾಕುವುದು, ಬಚ್ಚಲಿನ ಮಾಟೆಯ ತೂತಿಗೆ ತಿಂಗಳಿಗೊಮ್ಮೆ ಹೊಸ ತೆಂಗಿನಕಾಯಿ ಸಿಪ್ಪೆ ಜಡಿಯುವುದು, ಕಟ್ಟಿಗೆ ರಾಶಿಯನ್ನು ಗೋಡೆಯಿಂದ ದೂರ ಇಡುವುದು. ಸಂಜೆಯ ಕೊನೆಯ ಬಸ್ಸು ಕಳಿಸಿ ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ನಾನು ಕಂಡದ್ದು ಮಲಗಿದ ಬೆಕ್ಕನ್ನು ಮಾತ್ರ.

ನನಗೆ ಯಾಕೆ ಹೇಳಲಿಲ್ಲ ಎಂದೆ. ಜಲಜ ನಗಲು ಹೋಗಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ನಾನೂ ಕೇಣಿದ್ದೆ. ಅಕ್ಕ ಎಂತ ಹೇಳ್ರ್ ಗೊತ್ತಿತ್ತಾ? 'ಬೆಕ್ಕೇ ಇಲಿ ಓಡ್ಸುದ್ ಅಂದೇಳಿ ಊರೆಲ್ಲ ಹೇಳ್ಕಂಡ್ ಬತ್ರ್ ಮಾರಾಯ್ತಿ. ಹೇಳ್ಕಣ್ಲಿ. ಬೆಕ್ಕಿಗಾರೂ ಒಂದ್ ಹೆಸ್ರ್ ಬರ್ಲಿ.'"

ಚಾ ಕೊಡುವಾಗಿನ ವನಜನ ಆ ನಗು ಇದಕ್ಕೆ.

ಅಕ್ಟೋಬರ್ 12, ಶನಿವಾರ

ಊರಿಗೆಲ್ಲ ಹೊಸತು. ಬೆಳಿಗ್ಗೆ ಶೀನನ ಮನೆಯಲ್ಲಿ ಶಂಖ ಕೇಳಿತು. ಬೇಲಿಯಾಚೆ ತೆನೆ ಹಿಡಿದುಕೊಂಡು ಹೋದ, ಈ ಕಡೆ ನೋಡಲಿಲ್ಲ. ಪಾಪ, ಅವನಾದರೂ ಏನು ಮಾಡಿಯಾನು.

ನಮ್ಮಲ್ಲಿ ಮಾಮೂಲು. ಸೊಸೈಟಿ ಅಕ್ಕಿಯ ಅನ್ನ, ಸಾರು. ಕಳೆದ ಮೂರು ದಿನ ಕೆಲಸ ಮಾಡಿದೆ. ಬಚ್ಚಲಿನ ಮಾಟೆಗೆ ಸಿಪ್ಪೆ ಜಡಿದೆ, ಹಳೆಯ ಸಿಪ್ಪೆ ಒಣಗಿ ಕಳಚಿ ಬಿದ್ದಿತ್ತು, ಅವಳು ಜನವರಿಯಲ್ಲಿ ಇಟ್ಟದ್ದಿರಬೇಕು. ಕಟ್ಟಿಗೆ ಸರಿಸಿದೆ. ನಿನ್ನೆಯಿಂದ ಹಿಕ್ಕೆ ಇಲ್ಲ. ಬೆಕ್ಕೂ ಇಲ್ಲ, ಇಲಿಯೂ ಇಲ್ಲ. ಲಾಜಿಕ್ ಮಾಸ್ತರರು ಇದ್ದಿದ್ದರೆ ಬೋರ್ಡಿನ ಮೇಲೆ ಬರೆಯುತ್ತಿದ್ದರು.

ಕದಿರಿನಲ್ಲಿ ಈಗ ಕಾಳಿಲ್ಲ. ಬರೀ ಹುಲ್ಲು, ಒಣ ಎಲೆ. ಗಂಟು ಮಾತ್ರ ಗಟ್ಟಿ ಇದೆ. ನಾರಿನಲ್ಲಿ ಇಲಿಗೇನು ರುಚಿ. ಇರಲಿ, ಅಲ್ಲೇ ಇರಲಿ.

ಹೊಸತಿನ ದಿನ ಉಣ್ಣುವ ಮೊದಲು ಕಿರಿಯರು ಹಿರಿಯರನ್ನು ಕೇಳಬೇಕು. ಅಷ್ಟು ವರ್ಷವೂ ಅವಳು ಎಲೆ ಎದುರು ಕೂತು ಕೇಳುತ್ತಿದ್ದಳು, "ಹೊಸ್ತ್ ಉಂತೆ, ಅಕ್ಕಾ?" ಅಂದರೆ, ಹೊಸತು ಉಣ್ಣುತ್ತೇನೆ, ಆಗಬಹುದಾ ಎಂದು. ನಾನು ದೊಡ್ಡ ಜನದ ಹಾಗೆ ಹ್ಞೂಂ ಎನ್ನುತ್ತಿದ್ದೆ, ಪೇಪರಿನಿಂದ ತಲೆ ಎತ್ತದೆ. ಇವತ್ತು ಹಳೆ ಅಕ್ಕಿಯೇ. ಆದರೂ ಬಟ್ಟಲ ಮುಂದೆ ಕೂತವನಿಗೆ ಕೈ ಮುಂದೆ ಹೋಗಲಿಲ್ಲ. ಮಣೆಯ ಕಡೆ ತಿರುಗಿ, ಉಂತೆ ಅಕ್ಕಾ, ಎಂದೆ. ಮುಂದೆ ಹೋದವಳು, ಈಗ ಅವಳೇ ಹಿರಿಯಳು. ಟೈಗರ್ ಮಾತ್ರ ಬಾಲ ಅಲ್ಲಾಡಿಸಿತು.

ಅವಳು ಇನ್ನೂ ಏನೇನು ಮಾಡುತ್ತಿದ್ದಳೋ. ಬಾವಿಯ ನೀರು ಯಾಕೆ ಕೆಡುತ್ತಿರಲಿಲ್ಲ, ಮಳೆಗಾಲದಲ್ಲಿ ನನ್ನ ಅಂಗಿ ಯಾಕೆ ಮುಗ್ಗಲು ವಾಸನೆ ಬರುತ್ತಿರಲಿಲ್ಲ, ಅದಕ್ಕೆಲ್ಲ ನಾನು ಯಾರಿಗೆ ಹೆಸರು ಕೊಟ್ಟಿದ್ದೆನೋ. ಒಂದೊಂದೇ ನೆನಪು ಮಾಡಿ ಬರೆಯಬೇಕು. ಮೊದಲಿಗೆ

ಅಕ್ಷರ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ. ಟೈಗರ್ ತಟ್ಟೆ ಇನ್ನೂ ಅಂಗಳದಲ್ಲೇ —