ಯಾವುದನ್ನು ಮೊದಲು ಹಚ್ಚಿದರೂ

ರಾಮನಗರ
9 ಆಗಸ್ಟ್ 2024

ಪ್ರೀತಿಯ ಅಮೂಲ್ಯ,

ಹೇಗಿದ್ದೀಯ? ಪುಣೆಯ ಮಳೆ ಒಗ್ಗಿತೇ? ನೀನು ಕಳಿಸಿದ ಗಣಿತ ಸಂಶೋಧನೆಯ ಪೇಪರ್ ಕೈಸೇರಿ ಬಹಳ ದಿನವಾಯಿತು, ಉತ್ತರ ತಡವಾದದ್ದಕ್ಕೆ ಕ್ಷಮಿಸು. ಕಾಲೇಜಿನಲ್ಲಿ ಪರೀಕ್ಷೆಯಿತ್ತು ಎಂದು ಬರೆಯಬಹುದು. ನಿಜ ಅದಲ್ಲ. ಪೆನ್ನು ಹಿಡಿದಾಗಲೆಲ್ಲ ಬೈಗುಳವೇ ಬರುತ್ತಿತ್ತು.

ಅಚ್ಚು ಚೆನ್ನಾಗಿದೆ. ಎರಡು ಡಿಫರೆನ್ಶಿಯಲ್ ಆಪರೇಟರ್‌ಗಳು ಯಾವಾಗ ಕಮ್ಯೂಟ್ ಆಗುತ್ತವೆ, ಅಂದರೆ ಯಾವುದನ್ನು ಮೊದಲು ಹಚ್ಚಿದರೂ ಉತ್ತರ ಒಂದೇ ಆಗುವುದು ಯಾವಾಗ ಎಂದು ನಾವಿಬ್ಬರೂ ನಮ್ಮ ತಾರಸಿಯ ಮೇಲೆ ಕೂತು ಹುಡುಕಿದ್ದೆಲ್ಲ ಅದರಲ್ಲಿದೆ. ನೀನು ಒಂದು ಕ್ರಮದಲ್ಲಿ ಬಿಡಿಸುತ್ತಿದ್ದೆ, ನಾನು ತಿರುಗುಮುರುಗಾಗಿ. ಒಬ್ಬರ ಹಾಳೆ ಇನ್ನೊಬ್ಬರು ನೋಡಬಾರದೆಂಬುದು ನಮ್ಮ ಕಟ್ಟಳೆ. ಎರಡೂ ತಾಳೆಯಾದ ದಿನ ನೀನು ನಮ್ಮ ಅಮ್ಮಿಯನ್ನು ತಬ್ಬಿಕೊಂಡು ಕುಣಿದಿದ್ದೆ. ಎಕ್ಸ್ ಇದ್ದಲ್ಲಿ ಮೈನಸ್ ಎಕ್ಸ್ ಇಟ್ಟರೂ ಜೋಡಿ ಕೆಡುವುದಿಲ್ಲ, ಆ ಸಿಮೆಟ್ರಿಯಿಂದ ಅರ್ಧ ಲೆಕ್ಕ ಉಳಿಯುತ್ತದೆ ಎಂದು ಹೊಳೆದದ್ದು ನನಗೆ. ಅದನ್ನು ನೀನೀಗ "ನನ್ನ ವಿಧಾನ" ಎಂದು ಬರೆದಿದ್ದೀಯ.

ಗಣಿತದವರಲ್ಲಿ ಯಾರು ಹೆಚ್ಚು ದುಡಿದರೆಂದು ಕೇಳದೆ ಅಕ್ಷರಮಾಲೆಯ ಪ್ರಕಾರ ಹೆಸರು ಹಾಕುತ್ತಾರೆ. ನಿನ್ನದು ಹೇಗೂ ಮೊದಲು ಬರುತ್ತಿತ್ತಲ್ಲೇ! ಎರಡನೆಯ ಹೆಸರಿಗೆ ಜಾಗವಿರಲಿಲ್ಲವೇ? ಕೊನೆಯ ಪುಟದಲ್ಲಿ, ಲೆಕ್ಕ ಪರಿಶೀಲಿಸಿಕೊಟ್ಟ ಗೆಳತಿಯೊಬ್ಬಳಿಗೆ ವಂದನೆಯಂತೆ. ಆ ಗೆಳತಿಗೆ ಹೆಸರೂ ಇಲ್ಲ.

ನನ್ನ ಪಿಎಚ್.ಡಿ. ಆ ಕೆಲಸದ ಮೇಲೆಯೇ ನಿಂತಿತ್ತು, ನಿನಗೆ ಗೊತ್ತು. "ಇನ್ನೊಬ್ಬರ ಹೆಸರಲ್ಲಿ ಅಚ್ಚಾಗಿದೆಯಲ್ಲಮ್ಮ, ಬೇರೆ ಏನಾದರೂ ನೋಡಿ" ಎಂದರು ಗೈಡ್.

ಮೊನ್ನೆ ನಿಮ್ಮ ಅಪ್ಪ ಅಕ್ಕೂರಿನಿಂದ ರೇಷ್ಮೆಗೂಡು ತಂದಿದ್ದರು. ಮಾರುಕಟ್ಟೆಯ ಮುಂದೆ ನನ್ನನ್ನು ಕಂಡು, "ನಮ್ಮ ಅಮೂಲ್ಯ ಲೆಕ್ಕದಾಗೆ ಏನೋ ದೊಡ್ಡದು ಕಂಡಿಡ್ದವ್ಳಂತೆ ಕಣವ್ವ! ನೀನೂ ಒಸಿ ನೋಡ್ಕೊಟ್ಟಂತೆ, ಒಳ್ಳೇದಾತು ಬುಡು" ಎಂದರು. ಹೂಂ ಎಂದುಬಿಟ್ಟೆ. ಕೃಷ್ಣಪ್ಪ ಮಾಮನಿಗೇಕೆ ಬೇಜಾರು ಮಾಡಲಿ?

ಆರೋಗ್ಯವಾಗಿರು. ನಿನಗೆ ಇನ್ನೂ ದೊಡ್ಡ ಹೆಸರು ಬರಲಿ. ಇನ್ನು ಮುಂದೆ ನನಗೆ ಏನನ್ನೂ ಕಳಿಸಬೇಡ.

ಇಂತಿ,
ಕೆಹಕಶಾನ್

ತಾ.ಕ.: ನಿನ್ನ ಲಕೋಟೆ ಬಂದಾಗ, ಒಡೆದು ನೋಡುವ ಮೊದಲೇ "ನಮ್ಮ ಪೇಪರ್ ಬಂತು" ಎಂದು ಕೂಗಿಬಿಟ್ಟಿದ್ದೆ. ಬಿಸಿನೀರಿನ ಗೂಡುಗಳಿಂದ ನೂಲು ತೆಗೆಯುತ್ತಿದ್ದ ಅಮ್ಮಿ ಕೆಲಸ ಬಿಟ್ಟು ಎದ್ದು ಬಂದಳು. ಅವಳಿಗೆ ಇಂಗ್ಲಿಷ್ ಓದಲು ಬರದು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಕೆಹಕಶಾನ್ ಅಂತ ಎಲ್ಲಿ ಬರೆದವ್ರೆ, ತೋರ್ಸು" ಎಂದಳು. ನಾನು ನಿನ್ನ ಹೆಸರಿನ ಮೇಲೆ ಬೆರಳಿಟ್ಟೆ. ಅಮ್ಮಿ ಅದನ್ನು ಕಣ್ಣಿಗೊತ್ತಿಕೊಂಡು ಮುತ್ತಿಟ್ಟಳು.