ತುಳಸವ್ವನ ಎಲೆಬಳ್ಳಿ

ಬೇಡಕಿಹಾಳ
೨೭ ಜುಲೈ ೨೦೨೫, ರವಿವಾರ

ಪ್ರೀತಿಯ ಸ್ನೇಹಲ,

ನಿನ್ನ ಅತ್ತೆ ಅಕ್ಕುತಾಯಿಯ ಜಯಭೀಮ. ಹೇಗಿದ್ದೀಯವ್ವಾ? ಚಿಕ್ಕೋಡಿಯಲ್ಲಿ ಮಳೆ ಹೇಗಿದೆ? ಡ್ಯೂಟಿ ಮುಗಿಸಿ ಬಂದು ಬರೀ ಚಹಾ ಕುಡಿದು ಮಲಗುತ್ತೀಯಂತೆ, ನನ್ನ ಮಗರಾಯ ಕುನಾಲ ಹೇಳಿದ. ದವಾಖಾನೆಗೆ ಬಂದವರಿಗೆಲ್ಲ ಹೊತ್ತಿಗೆ ಸರಿಯಾಗಿ ಉಣ್ಣಿರಿ ಎಂದು ಹೇಳುವವಳು ನೀನೇ ಹೀಗೆ ಮಾಡಿದರೆ ಹೇಗೆ? ನೀನೀಗ ಇರುವ ನಿನ್ನ ಗೆಳತಿ ಸರಿತಾಳ ರೂಮಿನಲ್ಲಿ ಒಲೆಯಿದೆಯಲ್ಲ, ಇಬ್ಬರೂ ಸೇರಿ ಎರಡು ರೊಟ್ಟಿ ಬಡಿದುಕೊಳ್ಳಿ. ನನ್ನ ಮೊಣಕಾಲು ನೀನು ಕೊಟ್ಟ ಎಣ್ಣೆಯಿಂದ ಸುಮಾರಾಗಿದೆ. ಸುಮಾರು ಎಂದರೆ ಮೆಟ್ಟಿಲು ಹತ್ತುವಾಗ ಬೈಯುತ್ತೇನೆ, ಇಳಿಯುವಾಗ ಬೈಯುವುದಿಲ್ಲ.

ಫೋನು ಬಿಟ್ಟು ಪತ್ರ ಬರೆಯುತ್ತಿದ್ದಾಳಲ್ಲ ಮುದುಕಿ ಎಂದು ನಗಬೇಡ. ಫೋನಿನಲ್ಲಿ ನೀನು ‘ಹ್ಞೂಂರಿ’ ಎನ್ನುತ್ತೀಯ, ಅಷ್ಟಕ್ಕೇ ನನ್ನ ದನಿ ಏರುತ್ತದೆ. ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಮಕ್ಕಳನ್ನು ಕೂಗಿ ಕೂಗಿ ಕೆಟ್ಟ ಗಂಟಲು ಇದು, ಮೆತ್ತಗೆ ಮಾತಾಡಲು ಬರುವುದೇ ಇಲ್ಲ. ಬರೆಯುವಾಗ ಮಾತ್ರ ನಾನು ಒಳ್ಳೆಯವಳು.

ಒಂದನೇ ತಾರೀಖಿಗೆ ನಿನಗೆ ದವಾಖಾನೆಯ ಕ್ವಾರ್ಟರ್ಸಿನ ಕೀಲಿ ಕೊಡುತ್ತಾರಂತೆ, ಸಹಿ ಮಾಡಿದರೆ ಕುನಾಲನೂ ಅಲ್ಲಿಗೇ ಬರುತ್ತಾನಂತೆ. ಅವನು ಊಟ ಮಾಡುತ್ತ, ತಟ್ಟೆ ನೋಡಿಕೊಂಡೇ ಹೇಳಿದ. ಫ್ಯಾಕ್ಟರಿಗೆ ಅಲ್ಲಿಂದ ಬಸ್ಸು ಸಿಗುತ್ತದೆ ಎಂದೂ ಸೇರಿಸಿದ. ನಾನು ಬೇಡವೆನ್ನಲಿಲ್ಲ. ಬೇಡವೆನ್ನಲು ನನಗೆ ಯಾವ ಮುಖವಿದೆ? ಜೂನ್ ನಾಲ್ಕರಂದು ಬೆಳಿಗ್ಗೆ ನೀನು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಾಗ ನಾನು ಬಚ್ಚಲ ಕಲ್ಲಿನ ಮೇಲೆ ಕೂತು ಸುಮ್ಮನೆ ಒಂದೇ ತಂಬಿಗೆ ತಿಕ್ಕುತ್ತಿದ್ದೆ. ಆ ತಂಬಿಗೆ ಈಗ ಮನೆಯಲ್ಲೇ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದೆ.

ಈಗ ಬಚ್ಚಲ ಹಿಂದಿನ ನಮ್ಮ ವೀಳ್ಯದೆಲೆ ಬಳ್ಳಿಯ ಸುದ್ದಿ ಹೇಳುತ್ತೇನೆ. ನೀನು ಹೋದ ಮೇಲೆ ಉಳಿದ ಎಲೆಗಳೂ ಹಳದಿಯಾಗಿ ಉದುರಿದವು. ಚೊಗಚೆ ಮರವನ್ನು ತಬ್ಬಿಕೊಂಡು ಬರೀ ದಂಟು ನಿಂತಿತ್ತು. ಅದನ್ನು ನೋಡಲಾರದೆ ನಮ್ಮ ಬಾಳುವನ್ನು ಕರೆಸಿದೆ. ನನ್ನ ತಮ್ಮನಾದರೂ ಬಳ್ಳಿಯ ವಿಷಯದಲ್ಲಿ ಅವನು ನನಗೇ ಗುರು, ರಾಯಬಾಗದ ಕಡೆಯ ಎಲೆತೋಟಗಳಲ್ಲಿ ಬಳ್ಳಿ ಇಳಿಸುವ, ಅಂದರೆ ಎತ್ತರಕ್ಕೆ ಬೆಳೆದದ್ದನ್ನು ಮರದಿಂದ ಬಿಡಿಸಿ ಕೆಳಗೆ ತರುವ ಕೆಲಸ ಅವನದು. ಚಪ್ಪಲಿ ಬಿಟ್ಟು ಬಂದು ಕೂತ. ಬುಡ ಅಗೆದ. ಅಯ್ಯೋ, ಬೇರೆಲ್ಲ ಕಪ್ಪಾಗಿ, ಕೈಯಲ್ಲಿ ಹಿಡಿದರೆ ಲೋಳೆಯಾಗಿ ಜಾರಿತು. ಮೂಗಿಗೆ ಸೆರಗು ಹಿಡಿದೆ. “ಅಕ್ಕಾ, ನೀರು ಹೆಚ್ಚಾಗೇತಿ ಇದಕ್ಕ. ದಿನಾ ಎಷ್ಟು ಹಾಕ್ತಿದ್ರಿ?” ಎಂದ. “ಸ್ನೇಹಲ ಮುಂಜಾನೆ ಒಂದು ಕೊಡ ಹಾಕ್ತಿದ್ಲು” ಎಂದೆ. “ಒಂದು ಕೊಡಕ್ಕ ಹಿಂಗ ಆಗೂದಿಲ್ಲ ಬಿಡು” ಎಂದು ತಲೆ ಕೆರೆದುಕೊಂಡ. ನಾನು ಚಹಾ ಮಾಡಲು ಒಳಗೆ ಹೋದೆ.

ಆದರೆ ದಂಟು ಮೇಲಕ್ಕೆ ಇನ್ನೂ ಹಸಿರಾಗಿತ್ತು. ಆಳೆತ್ತರದಿಂದ ಮೇಲಿನದನ್ನು ಮಾತ್ರ ಬಾಳು ಮೆಲ್ಲಗೆ ಮರದಿಂದ ಬಿಡಿಸಿ ಕೆಳಗೆ ಇಳಿಸಿದ, ಮಲಗಿದ ಮಗುವನ್ನು ಹಾಸಿಗೆಯಿಂದ ಎತ್ತಿದ ಹಾಗೆ. ನಾಲ್ಕು ನಾಲ್ಕು ಗೆಣ್ಣಿಗೆ ಒಂದರಂತೆ ಎಂಟು ತುಂಡು ಮಾಡಿದ. ಎರಡು ಗೆಣ್ಣು ಮಣ್ಣಿನೊಳಗೆ, ಎರಡು ಮೇಲೆ. ಬುಡ ಯಾವುದು, ತುದಿ ಯಾವುದು ಎಂದು ತಪ್ಪಬಾರದು, ತಲೆಕೆಳಗಾಗಿ ನೆಟ್ಟರೆ ಎಷ್ಟು ಆರೈಕೆ ಮಾಡಿದರೂ ಹತ್ತುವುದಿಲ್ಲ. ನಮ್ಮ ಎರೆಮಣ್ಣಿಗೆ ಹೊಳೆಯ ಉಸುಕು, ಹಳೆಯ ಗೊಬ್ಬರ ಬೆರೆಸಿ ಹಾಲಿನ ಚೀಲಗಳಲ್ಲಿ ತುಂಬಿದೆ, ತಳಕ್ಕೆ ತೂತು ಮಾಡಿದೆ. ನಿನ್ನ ಹಳೆಯ ನೀಲಿ ಓಢಣಿಯನ್ನು ಮೇಲೆ ನೆರಳಿಗೆ ಕಟ್ಟಿದೆ, ಕೇಳದೆ ತೆಗೆದುಕೊಂಡೆ, ಬೈಯಬೇಡ. ಎಂಟರಲ್ಲಿ ಆರು ಒಣಗಿದವು. ಎರಡು ಚಿಗುರಿವೆ. ಒಂದರ ಚಿಗುರು ನಿನ್ನ ಕಿರುಬೆರಳಷ್ಟಿದೆ, ಇನ್ನೊಂದಕ್ಕೆ ಆಗಲೇ ಎರಡು ಎಲೆ.

ಈ ಬಳ್ಳಿ ನಮ್ಮ ಮನೆಗೆ ಹೇಗೆ ಬಂತೆಂದು ನಿನಗೆ ಎಂದೂ ಹೇಳಿರಲಿಲ್ಲ. ನನ್ನ ಅತ್ತೆ ತುಳಸವ್ವ ಎಲೆತೋಟದ ಬೇಲಿಯ ಹೊರಗೆ ಕೂತು ಎಲೆ ಪೆಂಡಿ ಕಟ್ಟುತ್ತಿದ್ದಳು. ಮದುವೆಯಾದ ಹೊಸದರಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಎಲೆ ನಾವು ಮುಟ್ಟಿ ಕಟ್ಟಿದರೆ ನಡೆಯುತ್ತಿತ್ತು, ಪೇಟೆಗೆ ಹೋಗುತ್ತಿತ್ತು, ದೇವರ ಮುಂದೆ ಕೂಡುತ್ತಿತ್ತು. ತೋಟದೊಳಗೆ ಮಾತ್ರ ನಾವು ಕಾಲಿಡುವಂತಿರಲಿಲ್ಲ. ಒಂದು ದಿನ ನಾನು ನೀರು ಕುಡಿಯಲೆಂದು ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದೆ. ಕಾವಲಿನವನು ಕೂಗಿದ: “ನಿಲ್ಲಬೇ ಅಲ್ಲೇ! ನೀ ಒಳಗ ಬಂದ್ರ ಬಳ್ಳಿ ಸಾಯ್ತಾವ!” ಎಲ್ಲರೂ ತಿರುಗಿ ನೋಡಿದರು. ನನಗಾಗ ಹತ್ತೊಂಬತ್ತು ವರ್ಷ. ಬಳ್ಳಿ ಇಳಿಸಿದ ದಿನ ತುಳಸವ್ವ ಬೇಲಿಯಾಚೆ ಎಸೆದ ಕಸದಿಂದ ಒಂದು ತುಂಡು ಆರಿಸಿ, ಒದ್ದೆ ಸೆರಗಿನಲ್ಲಿ ಸುತ್ತಿ ತಂದು, ಬಚ್ಚಲ ಹಿಂದೆ ನೆಟ್ಟಳು. “ನೋಡೋಣಂತ, ಸಾಯ್ತೈತೋ ಬದಕ್ತೈತೋ” ಎಂದಳು. ನಲವತ್ತು ವರ್ಷ ಬದುಕಿತು. ನಮ್ಮ ಓಣಿಯಲ್ಲಿ ಯಾವ ಮನೆಯ ಸೀಮಂತಕ್ಕೂ, ಯಾವ ಮದುವೆಗೂ ಎಲೆ ಕೊಂಡವರಿಲ್ಲ. ಅತ್ತೆ ತೀರಿಕೊಂಡ ಮೇಲೆ ಅದರ ಮೇಲೆ ನನಗೆ ಸ್ವಲ್ಪ ಹುಚ್ಚೇ ಹಿಡಿಯಿತು ಅನ್ನು.

ಅಂಥ ಬಳ್ಳಿಯ ಮುಂದೆ ನಿಂತು, ನೀನು ಮನೆ ಬಿಡುವ ಮುಂಚೆ ಆ ದಿನ ನಾನು ನಿನಗೆ ಏನು ಅಂದೆ ಎಂದು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ನೀನು ತಿರುಗಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು, ಜಗಳವಾಡಿ ಸಂಜೆಗೆ ಒಟ್ಟಿಗೆ ಪಲ್ಯ ಹೆಚ್ಚುತ್ತಿದ್ದೆವು.

ಚಿಗುರಿದ ಎರಡನ್ನೂ ಬೇರೆ ಮಾಡಿದ್ದೇನೆ. ಎರಡು ಎಲೆ ಇರುವುದನ್ನು ಕುನಾಲನ ಕೈಯಲ್ಲಿ ಕಳಿಸಿದ್ದೇನೆ. ಕ್ವಾರ್ಟರ್ಸಿಗೆ ಹೋಗುವುದಿದ್ದರೆ ಹೋಗು, ಅಲ್ಲಿ ನೆಡು. ಮೂಡಣ ಬಿಸಿಲು ಬೀಳುವ ಕಡೆ, ನೀರು ನಿಲ್ಲದ ಕಡೆ, ಒಂದು ನುಗ್ಗೆಯ ಕೊಂಬೆ ಜೊತೆಗಿಟ್ಟು ಬಾಳೆನಾರಿನಿಂದ ಸಡಿಲಾಗಿ ಕಟ್ಟು. ಮನೆ ಬಿಟ್ಟು ಹೋದವರಿಗೆ ಬಳ್ಳಿ ಕೊಡುವುದಿಲ್ಲ ಎನ್ನುವಷ್ಟು ಸಣ್ಣವಳಲ್ಲ ನಾನು. ಅದು ನಿನ್ನ ಪಾಲು, ಅದಕ್ಕೆ ಪ್ರತಿಯಾಗಿ ನೀನು ಏನೂ ಮಾಡಬೇಕಿಲ್ಲ.

ಬಾಳು ಮಾಮಾ ನಿನ್ನನ್ನು ಕೇಳಿದ್ದಾನೆ. ಸರಿತಾಳಿಗೂ ನನ್ನ ನೆನಪು ಹೇಳು. ಚೀಲದ ಜೊತೆಗಿನ ಡಬ್ಬಿಯಲ್ಲಿ ಶೇಂಗಾ ಚಟ್ನಿ ಇದೆ, ಖಾರ ಕಡಿಮೆ ಹಾಕಿದ್ದೇನೆ. ಮೈ ಗಟ್ಟಿಯಾಗಿರಲಿ, ಮನಸ್ಸು ತಣ್ಣಗಿರಲಿ ಮಗಳೇ.

ನಿನ್ನ ಅತ್ತೆ,
ಅಕ್ಕುತಾಯಿ

ತಾ.ಕ.: ಕುನಾಲ ಗಾಡಿ ಚಾಲೂ ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆದುಬಿಡುತ್ತೇನೆ. ಬಾಳುವಿಗೆ ನಾನು ಪೂರ್ತಿ ಹೇಳಲಿಲ್ಲ. ನೀನು ಬೆಳಿಗ್ಗೆ ಹಾಕಿದ ಕೊಡ ಸಾಲದೆಂದು, ಬಿಸಿಲು ಜಾಸ್ತಿಯೆಂದು, ಏಪ್ರಿಲ್‌ನಿಂದ ದಿನಾ ಹೊತ್ತು ಮುಳುಗುವಾಗ ನಾನೂ ಎರಡು ಕೊಡ ಹಾಕುತ್ತಿದ್ದೆ, ನಿನಗೆ ಹೇಳದೆ. ಬೇರು ಕೊಳೆಸಿದವಳು ನಾನು. ‘ತಿಂಗಳ ದಿನದಾಗ ನೀ ಮುಟ್ಟಿದಿ, ಅದಕ್ಕ ಬಳ್ಳಿ ಸತ್ತೈತಿ’ ಎಂದು ನಿನಗೆ ಅಂದವಳೂ ನಾನು. ಗೇಟಿನ ಕಾವಲಿನವನ ಮಾತನ್ನು ನಲವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಕೊನೆಗೆ ನನ್ನ ಮನೆಯ ಮಗಳ ಮೇಲೇ ಎಸೆದೆ. ತಪ್ಪಾಯಿತು, ಸ್ನೇಹಲ. ಇನ್ನೊಂದು ಚೀಲ ಇಲ್ಲೇ ಇಟ್ಟಿದ್ದೇನೆ, ಚೊಗಚೆಯ ಬುಡದಲ್ಲಿ ಹಳೆಯ ಮಣ್ಣು ತೆಗೆದು ಹೊಸ ಮಣ್ಣು ತುಂಬಿದ್ದೇನೆ. ನಾನು ನೆಡುವುದಿಲ್ಲ. ಕ್ವಾರ್ಟರ್ಸಿನಲ್ಲಿ ಇದ್ದರೂ ಇರು, ಒಂದು ದಿನ ಬಂದು ನಿನ್ನ ಕೈಯಿಂದಲೇ ನೆಟ್ಟು ಹೋಗು. ದಿನ ಲೆಕ್ಕ ಹಾಕಿ ಬರಬೇಡ. ಆ ನಾಲ್ಕು ದಿನಗಳೇ ಆಗಿದ್ದರೂ ಬಾ.